ಭೈರವಿ ಮುಗಿದ ಮೇಲೆ

ದೆವ್ವ, ಶಕುನ, ಒಳಗಣ್ಣು ಇಂಥವನ್ನೆಲ್ಲ ನಾನು ನಂಬಿದವಳಲ್ಲ. ಆಸ್ಟಿನ್ನಿನ ಚಿಪ್ ಕಂಪನಿಯೊಂದರಲ್ಲಿ ಟೆಸ್ಟಿಂಗ್ ನನ್ನ ಕೆಲಸ. ಯಾರಾದರೂ ಸರಿಯಾಗಿದೆ ಎಂದ ಕೂಡಲೇ ಎಲ್ಲಿ ಕೆಟ್ಟಿದೆ ಎಂದು ಹುಡುಕುವುದಕ್ಕೇ ನನಗೆ ಸಂಬಳ. ಇದನ್ನು ಬರೆಯಲು ಇಷ್ಟು ವರ್ಷ ಹಿಂಜರಿದೆ. ನೀವು ನಗುತ್ತೀರಿ ಎಂಬ ಭಯಕ್ಕಿಂತ, ಸುಮ್ಮನೆ ನಂಬಿಬಿಡುತ್ತೀರಿ ಎಂಬ ಭಯವೇ ಹೆಚ್ಚು.

ನಮ್ಮದೊಂದು ಪುಟ್ಟ ಸಿನಿಮಾ ಕ್ಲಬ್ ಇತ್ತು. ಒಂದು ಭಾನುವಾರ ಮಧ್ಯಾಹ್ನ ಹಳೆಯ ಜರ್ಮನ್ ಮೂಕಿ ಚಿತ್ರ ತೋರಿಸುವುದೆಂದಾಯಿತು. ಅದರ ನಾಯಕ ಬೇಕರಿಯವನ ಮಗ. ನಾಟಕ ಕಂಪನಿ ಸೇರಿ, ಅಲ್ಲಿಂದ ಬರ್ಲಿನ್ನಿಗೆ ಬಂದು, ಸೋತ ಗಂಡ, ಕೆಲಸ ಕಳೆದುಕೊಂಡ ಗುಮಾಸ್ತ ಇಂಥ ಪಾತ್ರಗಳಿಂದ ಹೆಸರು ಮಾಡಿದವನು. ಇದು ಅವನ ಕೊನೆಯ ಚಿತ್ರ. ಇದನ್ನು ಮುಗಿಸಿಕೊಟ್ಟು, ಹೆಂಡತಿಯನ್ನೂ ಹಸುಗೂಸನ್ನೂ ಬಿಟ್ಟು ಓಡಿಹೋಗಿ ಎಲ್ಲೋ ಸತ್ತ ಎಂದು ಸಿನಿಮಾ ಚರಿತ್ರೆ ಬರೆದವರು ಹೇಳುತ್ತಾರೆ. ಆ ಹಸುಗೂಸು ಆ ಹೊತ್ತಿಗೆ ತೊಂಬತ್ತರ ಹತ್ತಿರದ ಅಜ್ಜಿ, ನಮ್ಮ ಆಸ್ಟಿನ್ನಿನಲ್ಲೇ ಇದ್ದರು. ಪ್ರದರ್ಶನಕ್ಕೆ ಬರುತ್ತೇನೆ ಎಂದು ಹೇಳಿ ಕಳಿಸಿದರು.

ಚಿತ್ರದ ಜೊತೆಗೆ ನುಡಿಸಬೇಕಾಗಿದ್ದ ಡಾಲಸ್‌ನ ಪಿಯಾನೋದವನು ಕೊನೇ ಗಳಿಗೆಯಲ್ಲಿ ಕೈಕೊಟ್ಟ. ನಾನು ಹ್ಯೂಸ್ಟನ್ ಪಕ್ಕದ ಕೇಟಿ ಎಂಬ ಊರಿನಲ್ಲಿದ್ದ ದೇಸಾಯಿ ಅಂಕಲ್‌ಗೆ ಫೋನ್ ಮಾಡಿದೆ. ಅವರು ಧಾರವಾಡದವರು, ತೈಲ ಕಂಪನಿಯಲ್ಲಿ ಎಂಜಿನಿಯರಾಗಿ ರಿಟೈರ್ ಆದವರು. ಹಾರ್ಮೋನಿಯಂ ಎಷ್ಟು ಚೆನ್ನಾಗಿ ನುಡಿಸುತ್ತಾರೋ ಬಡಾಯಿಯೂ ಅಷ್ಟೇ ಚೆನ್ನಾಗಿ ಕೊಚ್ಚುತ್ತಾರೆ. ಆಗ ಅವರ ಎರಡೂ ಕಣ್ಣಿಗೆ ಪೊರೆ ಬಂದು ಆಪರೇಷನ್‌ಗೆ ಕಾಯುತ್ತಿದ್ದರು. ಪರದೆಯ ಮೇಲಿನದು ಅವರಿಗೆ ಬರೀ ಮಬ್ಬು. ಚಿತ್ರವನ್ನು ನಾನು ಮೊದಲೇ ಲ್ಯಾಪ್‌ಟಾಪಿನಲ್ಲಿ ನೋಡಿದ್ದೆ. ಹಾಗಾಗಿ ಪಕ್ಕದಲ್ಲಿ ಕೂತು, ದುಃಖ ಬಂದರೆ ಒಮ್ಮೆ, ಸಂತೋಷ ಬಂದರೆ ಎರಡು ಸಲ ಅವರ ತೋಳು ತಟ್ಟುವುದೆಂದು ಒಪ್ಪಂದ ಮಾಡಿಕೊಂಡೆವು.

ಎಲ್ಲವೂ ಚೆನ್ನಾಗಿಯೇ ನಡೆಯಿತು. ಕೊನೆಗೆ ಸ್ವಲ್ಪ ಮುಂಚೆ ನಾಯಕ ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಕೋಟಿನ ಗುಂಡಿ ಹಾಕಿಕೊಳ್ಳುವ ದೃಶ್ಯ. ನಾನು ತಟ್ಟಲಿಲ್ಲ. ತಟ್ಟುವಂಥದ್ದು ಅಲ್ಲೇನೂ ಇರಲಿಲ್ಲ. ಅಂಕಲ್ ತಾವಾಗಿಯೇ ಭೈರವಿಗೆ ಹೊರಳಿದರು. ಅವರ ಹಿಂದೂಸ್ತಾನಿ ಕಛೇರಿಗಳಲ್ಲಿ ಭೈರವಿ ಬಂತೆಂದರೆ ಮುಗಿಯಿತು, ನಮ್ಮಲ್ಲಿ ಮಂಗಳ ಹಾಡಿದ ಹಾಗೆ. ಅದಾದ ಮೇಲೆ ಇನ್ನೊಂದು ರಾಗ ಮುಟ್ಟುವುದಿಲ್ಲ. ಸ್ವಲ್ಪ ಹೊತ್ತು ನುಡಿಸಿ, ಪೆಟ್ಟಿಗೆ ಮುಚ್ಚಿ, ಅದರ ಮೇಲೆ ಕೈ ಜೋಡಿಸಿ ಕೂತುಬಿಟ್ಟರು.

ನನಗೆ ಸಿಟ್ಟು ಬಂತು. “ಅಂಕಲ್, ಸಿನಿಮಾ ಇನ್ನೂ ಇದೆ, ನುಡಿಸಿ” ಎಂದು ಪಿಸುಗುಟ್ಟಿದೆ.

“ಮುಗೀತಲ್ಲ ತಂಗಿ. ಅಂವ ಹೋದ. ಇನ್ನ ಯಾರ್ ಸಲುವಾಗಿ ಬಾರಸ್ಲಿ?”

“ಎಲ್ಲಿ ಹೋದ? ಅಲ್ಲೇ ನಡೀತಿದಾನಲ್ಲ!”

“ಅಂವ ಅಲ್ಲ ಇಂವ.”

ಪರದೆಯ ಮೇಲೆ ನಾಯಕ ಟೋಪಿ ಕೆಳಗೆಳೆದುಕೊಂಡು, ನಮಗೆ ಬೆನ್ನು ಹಾಕಿ, ಪ್ಲಾಟ್‌ಫಾರ್ಮಿನ ಉದ್ದಕ್ಕೂ ನಡೆಯುತ್ತಿದ್ದ. ಮಿಕ್ಕ ಚಿತ್ರ ನಿಶ್ಶಬ್ದವಾಗಿಯೇ ಮುಗಿಯಿತು. ಮುಂದಿನ ಸಾಲಿನಲ್ಲಿದ್ದ ಅಜ್ಜಿ ಪರದೆಯನ್ನು ಬಿಟ್ಟು ಹಿಂದಕ್ಕೆ ತಿರುಗಿ, ಅಂಕಲ್ ಅವರ ಮುಖವನ್ನೇ ನೋಡುತ್ತಿದ್ದರು.

ದೀಪ ಹತ್ತಿದ ಮೇಲೆ ಆಕೆ ಬಂದು ಅವರ ಎರಡೂ ಕೈ ಹಿಡಿದುಕೊಂಡು ಅತ್ತರು. ಆಕೆಯ ತಾಯಿ ಅದೇ ಸ್ಟುಡಿಯೋದಲ್ಲಿ ಬಟ್ಟೆ ಹೊಲಿಯುತ್ತಿದ್ದವರಂತೆ. “ಬೆಂಚಿನ ಮೇಲೆ ಗುಂಡಿ ಹಾಕಿಕೊಳ್ಳುವ ತನಕ ಅವನು ನಿಮ್ಮಪ್ಪ. ಅಲ್ಲೇ ಕುಸಿದು ಸತ್ತ. ಆಮೇಲೆ ನಡೆಯುವವನು ಬೇರೆ. ಕಂಪನಿಯವರು ಮುಚ್ಚಿಟ್ಟರು” ಎಂದು ಸಾಯುವ ತನಕ ಹೇಳಿದರಂತೆ. ಗಂಡ ಬಿಟ್ಟುಹೋದ ಅವಮಾನಕ್ಕೆ ಕಟ್ಟಿದ ಕತೆ ಎಂದು ಯಾರೂ ನಂಬಲಿಲ್ಲ. ಮಗಳೂ ನಂಬಿರಲಿಲ್ಲ. “ಅಮ್ಮನಿಗೆ ನಾನೇ ಸುಳ್ಳಿ ಅಂದಿದ್ದೆ” ಎಂದು ಆಕೆ ಇಂಗ್ಲಿಷಿನಲ್ಲಿ ಮತ್ತೆ ಮತ್ತೆ ಹೇಳಿದರು.

ಆದರೆ ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರಲ್ಲ. ಪ್ರದರ್ಶನಕ್ಕೆ ಮುಂಚೆ ಅಂಕಲ್‌ರನ್ನು ಬಾಗಿಲಲ್ಲಿ ಇಳಿಸಿ ನಾನು ಕಾರು ಪಾರ್ಕ್ ಮಾಡಲು ಹೋಗಿದ್ದೆ. ಅಜ್ಜಿಯೂ ಅಲ್ಲೇ ಇದ್ದರು. ಆಗ ಇಬ್ಬರೂ ಮಾತಾಡಿಕೊಂಡಿರಬಹುದಲ್ಲ? ಅವರನ್ನು ಮನೆಗೆ ಬಿಡಲು ಡ್ರೈವ್ ಮಾಡುವಾಗ ಕೇಳಿಯೇಬಿಟ್ಟೆ.

ಅಂಕಲ್ ಕೆರಳಿದರು. “ಏನ್ ಪೊಲೀಸ್ ಇದ್ದೀಯೇನ ನೀ? ನಮಸ್ಕಾರ ಅಂದೆ, ಆಕಿ ತಲಿ ಅಲ್ಲಾಡಿಸಿದ್ಲು, ಅಷ್ಟ.” ಬಡಾಯಿ ಕೊಚ್ಚಲು ಇಷ್ಟು ಒಳ್ಳೆಯ ಅವಕಾಶವಿದ್ದರೂ ಆ ಮನುಷ್ಯ ಒಂದು ಮಾತು ಹೆಚ್ಚಿಗೆ ಆಡಲಿಲ್ಲ. ಹ್ಯೂಸ್ಟನ್ ದಾರಿಯುದ್ದಕ್ಕೂ ಕಿಟಕಿಯಾಚೆ ಮುಖ ಮಾಡಿಕೊಂಡೇ ಕೂತಿದ್ದರು. ಏನೋ ಮುಚ್ಚಿಡುತ್ತಿದ್ದಾರೆ ಎಂಬ ನನ್ನ ಅನುಮಾನ ಹೆಚ್ಚಿದ್ದು ಆಗಲೇ.

ಒಪ್ಪಿಕೊಳ್ಳೋಣ, ಅಜ್ಜಿ ಹೇಳಿಯೇ ಇದ್ದರು ಎಂದು. ಆದರೂ ಬೆಂಚು ಬಂದದ್ದು ಮಬ್ಬುಗಣ್ಣಿಗೆ ತಿಳಿದದ್ದು ಹೇಗೆ? ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅಂದುಕೊಂಡು ಎಷ್ಟೋ ಸಲ ಸಮಾಧಾನ ಮಾಡಿಕೊಂಡಿದ್ದೇನೆ. ಆ ಸಮಾಧಾನ ನಿಲ್ಲುವುದಿಲ್ಲ.

ಮರುವರ್ಷ ಅಜ್ಜಿ ತೀರಿಕೊಂಡರು. ತಾಯಿಯ ಫೋಟೋವನ್ನು ಪೆಟ್ಟಿಗೆಯಿಂದ ತೆಗೆದು ಮಂಚದ ಪಕ್ಕ ಇಟ್ಟುಕೊಂಡಿದ್ದರಂತೆ. ನಾನು ಮಾತ್ರ ಈಗಲೂ ಆಗಾಗ ಆ ಕೊನೆಯ ದೃಶ್ಯ ಹಾಕಿ ನೋಡುತ್ತೇನೆ. ಪ್ಲಾಟ್‌ಫಾರ್ಮಿನ ಮೇಲೆ ಒಬ್ಬ ಹೋಗುತ್ತಿರುತ್ತಾನೆ. ಬಿಟ್ಟು ಹೋದ ಅಪ್ಪನೋ, ಸತ್ತ ಅಪ್ಪನ ಕೋಟು ತೊಟ್ಟ ಬೇರೊಬ್ಬನೋ, ಒಮ್ಮೆ ಇತ್ತ ತಿರುಗಿದರೆ ಸಾಕು, ಗೊತ್ತಾಗುತ್ತದೆ. ತಿರುಗುವುದಿಲ್ಲ ಎಂದು ಗೊತ್ತಿದ್ದೂ ಕಾಯುತ್ತೇನೆ.