ಹಜಾರದ ನಾಯಕಿ

ನಾಟಕ ಎಂದರೆ ನನಗೆ ಮೊದಲು ನೆನಪಾಗುವುದು ಕಾಫಿ ಲೋಟ ತೊಳೆಯುವ ಕೆಲಸ. ಎಂಬತ್ತರ ದಶಕದ ಮೊದಲ ವರ್ಷಗಳು. ಸಂಜೆಯಾದರೆ ತುಮಕೂರಿನ ಗಂಡಸರಿಗೆ ವಾಚನಾಲಯವಿತ್ತು, ಹೋಟೆಲಿನ ಬೈಟು ಕಾಫಿ ಇತ್ತು. ಅಷ್ಟೂ ಸಾಲದು ಎಂಬಂತೆ ನಮ್ಮ ಬಾಡಿಗೆ ಮನೆಯ ಹಜಾರವೂ ಇತ್ತು. ನನ್ನ ಗಂಡನ ಹವ್ಯಾಸಿ ತಂಡದ ತಾಲೀಮು ನಡೆಯುತ್ತಿದ್ದದ್ದು ಅಲ್ಲೇ. ಅವರು ಅಂತರಸನಹಳ್ಳಿಯ ಕಾರ್ಖಾನೆಯಿಂದ ಬಂದು ಮುಖ ತೊಳೆಯುವಷ್ಟರಲ್ಲಿ ಬ್ಯಾಂಕಿನವರು, ಮೇಷ್ಟ್ರುಗಳು ಒಬ್ಬೊಬ್ಬರಾಗಿ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು. ದಿನವಿಡೀ ಶಾಲೆಯಲ್ಲಿ ಪಾಠ ಹೇಳಿ ಬಂದ ನಾನು ಸೆರಗು ಸಿಕ್ಕಿಸಿ ಕಾಫಿಗೆ ನೀರಿಡುತ್ತಿದ್ದೆ.

ಆಗ ನಮ್ಮ ಊರಿನ ತಂಡಗಳಲ್ಲಿ ಮನೆಯ ಹೆಂಗಸರು ಬಣ್ಣ ಹಚ್ಚುತ್ತಿರಲಿಲ್ಲ. ಹೆಣ್ಣು ಪಾತ್ರಕ್ಕೆ ಕಂಪನಿ ನಾಟಕದ ನಟಿಯನ್ನು ಕರೆಸುವುದು ರೂಢಿ. ಆಕೆ ಬರುತ್ತಿದ್ದದ್ದು ನಾಟಕದ ದಿನವೇ. ಅಲ್ಲಿಯವರೆಗೆ ತಾಲೀಮಿನಲ್ಲಿ ಆಕೆಯ ಮಾತುಗಳನ್ನು ಯಾರಾದರೂ ಹೇಳಬೇಕಲ್ಲ, ಆ ಕೆಲಸ ನನ್ನ ಪಾಲಿಗೆ ಬಂತು. ಅದಕ್ಕೆ ಪ್ರಾಕ್ಸಿ ಎನ್ನುತ್ತಿದ್ದರು. ಒಗ್ಗರಣೆ ಸೌಟು ಹಿಡಿದೇ ಅಡುಗೆಮನೆ ಬಾಗಿಲಲ್ಲಿ ನಿಂತು ಗೋಳಾಡಿದ್ದೇನೆ, ಗಂಡನನ್ನೇ ದ್ರೋಹಿ ಎಂದು ಬೈದಿದ್ದೇನೆ. ನನ್ನ ತವರು ಗುಬ್ಬಿ. ಆ ಊರಿನ ನೀರು ಕುಡಿದವರಿಗೆ ನಾಟಕ ತಾನಾಗಿ ಬರುತ್ತದೆಂದು ತಂಡದವರು ರೇಗಿಸುತ್ತಿದ್ದರು. ರೇಗಿಸಿದ್ದಷ್ಟೇ, ಪಾತ್ರ ಕೊಡಲಿಲ್ಲ.

ನನಗೆ ಆಸೆಯಿತ್ತು. ಒಂದೇ ಒಂದು ಸಲ ರಂಗದ ಮೇಲೆ ನಿಲ್ಲಬೇಕೆಂಬ, ತಡೆಯಲಾಗದ ಆಸೆ. ಪ್ರತಿ ಹೊಸ ನಾಟಕಕ್ಕೂ ಗಂಡನನ್ನು ಕೇಳುತ್ತಿದ್ದೆ. ಅವರದು ಪ್ರತಿ ಸಲವೂ ಒಂದೇ ಉತ್ತರ. "ನನ್ದೇನಿಲ್ಲ ಕಣೇ. ಅಮ್ಮ ಒಪ್ಪಲ್ಲ." ಗೂಳೂರಿನಲ್ಲಿದ್ದ ಅತ್ತೆ ಮಾತು ಕಡಿಮೆಯ ಗಟ್ಟಿ ಹೆಂಗಸು. ಅವರ ಮಾತು ಬಂದರೆ ನಾನು ಬಾಯಿ ಮುಚ್ಚುತ್ತಿದ್ದೆ. ಕೇಳಿ ಕೇಳಿ ಸಾಕಾಗಿ ಕೊನೆಗೆ ಕೇಳುವುದನ್ನೇ ಬಿಟ್ಟೆ.

ಒಂದು ವರ್ಷ ಅತ್ತೆಯೇ ನಾಟಕ ನೋಡಲು ಬಂದರು. ಮಗನೇ ನಾಯಕ, ಹಾಗಾಗಿ ಮೊದಲ ಸಾಲಿನಲ್ಲಿ ಕುರ್ಚಿ. ನಟಿ ಮಧ್ಯಾಹ್ನದ ಬಸ್ಸಿಗೆ ಕುಣಿಗಲ್‌ನಿಂದ ಬಂದಿಳಿದಳು. ಅಲ್ಲಿ ಸಾಲಾಗಿ ಕಂಪನಿಯ ಆಟಗಳಿದ್ದು ಗಂಟಲು ಪೂರ್ತಿ ಕಟ್ಟಿಹೋಗಿತ್ತು. ಬಿಸಿನೀರು, ಮೆಣಸು, ಕಲ್ಲುಸಕ್ಕರೆ, ಏನು ಕೊಟ್ಟರೂ ದನಿ ಪಿಸುಮಾತಿನಿಂದ ಮೇಲೇಳಲಿಲ್ಲ. ಸಂಜೆ ಬಣ್ಣದ ಕೋಣೆಯಲ್ಲಿ ಗೋಡೆಗೆ ಒರಗಿದ್ದವಳು ನನ್ನ ಕೈ ಹಿಡಿದು, "ನಿಮ್ಗೆಲ್ಲಾ ಬಾಯಿಗ್ ಬರುತ್ತಂತಲ್ಲಕ್ಕಾ, ನೀವೇ ಮಾಡ್ಬುಡಿ. ನಾನೊಂಚೂರು ಮಲಗ್ತೀನಿ" ಎಂದಳು.

ಗಂಡನ ಮುಖ ನೋಡಿದೆ. ಅವರು ಕನ್ನಡಿ ಮುಂದೆ ಮೀಸೆ ಅಂಟಿಸಿಕೊಳ್ಳುತ್ತಿದ್ದರು.

"ಅಮ್ಮ ಮುಂದ್ಗಡೇನೇ ಕೂತವ್ರೆ" ಎಂದರು, ಅಷ್ಟೇ.

ಕೊನೆಗೆ ಆಕೆ ರಂಗದ ಮೇಲೆ ಬಾಯಿ ಆಡಿಸುವುದು, ನಾನು ಪಕ್ಕದ ಪರದೆಯ ಹಿಂದೆ ಮೈಕು ಹಿಡಿದು ಮಾತಾಡುವುದು ಎಂದಾಯಿತು. ಸಂದಿಯಲ್ಲಿ ನನಗೆ ಕಾಣುತ್ತಿದ್ದದ್ದು ಆಕೆಯ ಜಡೆ ಮಾತ್ರ. ಆ ಜಡೆಯನ್ನು ನೋಡಿಕೊಂಡೇ ಬೇಡಿದೆ, ಬೈದೆ, ಬಿಕ್ಕಿದೆ. ಜನ ಚಪ್ಪಾಳೆ ತಟ್ಟಿದರು, ಆಕೆಗೆ ಹಾರ ಹಾಕಿದರು. ಪಾಪ, ನಿಂತಲ್ಲೇ ತೂಕಡಿಸುತ್ತಿದ್ದಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ.

ಮರುದಿನ ಬೆಳಿಗ್ಗೆ ಎದ್ದಾಗ ಮೈಯೆಲ್ಲ ಹಿಂಡಿಹಾಕಿದಂತಿತ್ತು. ಗಂಡ ಹಜಾರದಲ್ಲಿ ಪೇಪರ್ ಓದುತ್ತಿದ್ದರು. ಅತ್ತೆಗೆ ಕಾಫಿ ಕೊಟ್ಟೆ. ಒಂದು ಗುಟುಕು ಕುಡಿದು ಅವರೇ ಕೇಳಿದರು.

"ನೆನ್ನೆ ಆ ಮಾತೆಲ್ಲ ಆಡಿದ್ದು ನೀನಲ್ವೇನೇ?"

"ಹೂಂ ಅತ್ತೆ."

"ಅಷ್ಟ್ ಚೆನ್ನಾಗ್ ಆಡ್ತೀಯ, ಪರದೆ ಹಿಂದ್ಕೆ ಯಾಕ್ ನಿಂತ್ಕೊಂಡೆ? ನೀನೇ ಮಾಡ್ಬೋದಿತ್ತಲ್ಲ."

"ನೀವು ಒಪ್ಪಲ್ಲ ಅಂತ…"

ಅತ್ತೆ ಮಗನ ಕಡೆ ಒಮ್ಮೆ ನೋಡಿ, ನನ್ನ ಕಡೆ ತಿರುಗಿದರು.

"ನನ್ನ ಯಾರವ್ವಾ ಕೇಳಿದ್ರು?"

ಗಂಡ ಪೇಪರ್ ಕೆಳಗಿಳಿಸಲಿಲ್ಲ, ಪುಟವನ್ನೂ ತಿರುಗಿಸಲಿಲ್ಲ. ಜಗಳವಾಡಬೇಕು ಅನ್ನಿಸಿತು. ಅಷ್ಟು ವರ್ಷಗಳ ಜಗಳವನ್ನು ಎಲ್ಲಿಂದ ಶುರುಮಾಡುವುದೆಂದು ತಿಳಿಯದೆ ಶಾಲೆಗೆ ಹೊರಟೆ.