ಹನ್ನೊಂದು ಖಾನೆಗಳ ಹೊಳೆ ಗುಮಾಸ್ತರು

ನಕ್ಷೆ ಕಚೇರಿಯಲ್ಲಿ ನಮ್ಮ ನದಿಯ ಹೆಸರು ಬರೆಯುವ ಕೆಲಸ ಹೊಳೆ ಗುಮಾಸ್ತರದು. ಇಪ್ಪತ್ತಾರು ವರ್ಷವಾಯಿತು, ಇನ್ನೂ ಬರೆದಿಲ್ಲ. ಆ ನದಿಗೆ ಊರಿಗೊಂದರಂತೆ ಹನ್ನೊಂದು ಹೆಸರು. ಅವರ ಮೇಜಿಗೂ ಹನ್ನೊಂದು ಖಾನೆ, ಖಾನೆಗೊಂದು ನಕ್ಷೆ, ನಕ್ಷೆಗೊಂದು ಹೆಸರು, ಬರೀ ಪೆನ್ಸಿಲಿನಲ್ಲಿ. ಅರ್ಜಿ ಹಿಡಿದು ಯಾರೇ ಬರಲಿ, ಮೊದಲು ಅವರ ಚಪ್ಪಲಿಗೆ ಮೆತ್ತಿದ ಮಣ್ಣಿನ ಬಣ್ಣ ನೋಡಿ, ಆ ಊರಿನ ನಕ್ಷೆಯನ್ನೇ ಹೊರತೆಗೆದು, "ನೋಡಿ, ನಿಮ್ಮ ಹೆಸರೇ ಇಟ್ಟಿದ್ದೀವಿ" ಎನ್ನುತ್ತಾರೆ. "ಯಾವುದೋ ಒಂದು ಬರೆದು ಕೈತೊಳ್ಕೊಳ್ರೀ" ಎಂದು ಸಾಹೇಬರು ರೇಗಿದರೆ, "ಆಮೇಲೆ ಉಳಿದ ಹತ್ತು ಊರಿನವರು ಕರೆದಾಗ ಅದು ತಿರುಗಿ ನೋಡಬೇಕೋ ಬೇಡವೋ ಸಾರ್?" ಎನ್ನುತ್ತಾರೆ, ನದಿಗೆ ಕಿವಿಯಿದ್ದ ಹಾಗೆ. ಮೊನ್ನೆ ಒಂದು ಸಹಿಗಾಗಿ ಅವರ ಮನೆಗೆ ಹೋಗಿದ್ದೆ. ಅವರ ತಾಯಿಗೆ ಎಂಬತ್ತೆಂಟು ವರ್ಷ, ಪೂರಾ ಮರೆವು. ಒಳಗಿನಿಂದ ಆಕೆ "ಅಣ್ಣಾ" ಎಂದು ಕರೆದರು. ಗುಮಾಸ್ತರು "ಬಂದೆ ಪುಟ್ಟಿ" ಎನ್ನುತ್ತ ಹೋಗಿ ನೀರು ಕುಡಿಸಿ ಬಂದರು. ಕೂತು ಪೆನ್ನು ಬಿಚ್ಚುವಷ್ಟರಲ್ಲಿ ಆಕೆ "ಮಾವಾ" ಎಂದರು. ಇವರು ಹಿರಿಯರ ಹಾಗೆ ಗಂಭೀರವಾಗಿ ಕೆಮ್ಮಿ ಮತ್ತೆ ಎದ್ದರು. "ನಿಮ್ಮನ್ನ ಮಾತ್ರ ಕರೆಯೋದೇ ಇಲ್ವಲ್ಲ" ಎಂದೆ. ಸಹಿ ಹಾಕುತ್ತಲೇ ಅವರು ಹೇಳಿದರು: "ಯಾರನ್ನ ಕರೆದ್ರೂ ಹೋಗೋದು ನಾನೇ ಅಲ್ವಾ."