ಜೀನಿನ ಹೊಲಿಗೆ ಎಳೆದು ನೋಡಿದವಳು

ಮಕ್ಕಳ ಕುದುರೆ ಸವಾರಿ ಕ್ಲಬ್ಬಿನ ಗೇಟಿಗೆ ಒಂದು ಬೋರ್ಡು ನೇತು ಹಾಕಿದ್ದಾರೆ: 'ಹತ್ತರಿಂದ ಹದಿನಾರು ವರ್ಷದೊಳಗಿನ ಎಲ್ಲ ಮಕ್ಕಳಿಗೂ ಸ್ವಾಗತ.' ಇಂಥ ಬೋರ್ಡು ಬರೆಸುವವರಿಗೆ ಒಂದು ಧೈರ್ಯ ಇರುತ್ತದೆ. 'ಎಲ್ಲ' ಎಂದು ಬರೆದ ಮಾತ್ರಕ್ಕೆ ಎಲ್ಲರೂ ಬಂದುಬಿಡುವುದಿಲ್ಲ ಎಂಬ ಧೈರ್ಯ. ಆ ಧೈರ್ಯಕ್ಕೆ ಕಲ್ಲು ಹಾಕಿದವಳ ಕತೆ ಇದು. ಅವಳು ಬೋರ್ಡು ಓದಿದಳು, ಬರೆದದ್ದನ್ನು ಬರೆದ ಹಾಗೇ ನಂಬಿದಳು, ಒಳಗೆ ಹೋಗಿ ಫಾರಂ ಕೇಳಿದಳು.

ಆಗ ಅವಳಿಗೆ ಹದಿನೈದು ದಾಟಿತ್ತು. ಎತ್ತರ ಸಾಲದು, ಹಾಗಾಗಿ ಮನೆಯಲ್ಲೂ ಬೀದಿಯಲ್ಲೂ ಗಿಡ್ಡಿ. ಅಮ್ಮ ಆಸ್ಪತ್ರೆಯ ವಾರ್ಡಿನಲ್ಲಿ ಆಯಾ. ಅಪ್ಪ ಬಸ್ಸು, ವ್ಯಾನು, ಸ್ಕೂಟರುಗಳ ಸೀಟು ಹೊಲಿಯುವವನು. ಕ್ಲಬ್ಬಿನ ಜೀನು, ಅಂದರೆ ಕುದುರೆಯ ಬೆನ್ನಿನ ಮೇಲಿನ ಚರ್ಮದ ಸೀಟು, ಹರಿದರೂ ಅವನ ಅಂಗಡಿಗೇ ಬರುತ್ತಿತ್ತು. ಹೊಲಿದದ್ದನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೋಗಿ ತಲುಪಿಸುವ ಕೆಲಸ ಗಿಡ್ಡಿಯದು. ಕುದುರೆಯ ಬಿಸಿ ಉಸಿರು ಅವಳ ಅಂಗೈಗೆ ತಾಗಿದ್ದು ಹಾಗೆ.

"ಏನೇ ಇದು?" ಅಂದಳು ಅಮ್ಮ, ಮೇಜಿನ ಮೇಲಿನ ಫಾರಂ ನೋಡಿ.

"ಕುದುರೆ ಕ್ಲಬ್ಬು. ಸೇರ್ತೀನಿ. ನಿಮ್ಮ ಸಹಿ ಬೇಕಂತೆ."

"ಪಾತ್ರೆ ತೊಳಿ ಅಂದ್ರೆ ಸೊಂಟ ನೋವು ನಿಂಗೆ. ಅಲ್ಲಿ ಹೋಗಿ ಕುದುರೆ ತೊಳೀತೀಯಾ?"

"ಪಾತ್ರೆ ಓಡಲ್ಲ ಅಮ್ಮ."

"ಈ ಕತ್ತೆಗೆ ಕುದುರೆ ಯಾಕೆ ಬೇಕು ಕೇಳು" ಅಂದ ಅಪ್ಪ. ಅಂದವನೇ ಪೆನ್ನು ತೆಗೆದುಕೊಂಡು ಸಹಿ ಹಾಕಿದ, ಎಡಗೈಯಲ್ಲಿ. ಅವನು ಎಡಚ, ಬರೆಯುವುದೂ ಹೊಲಿಯುವುದೂ ಆ ಕೈಯಲ್ಲೇ.

ಕ್ಲಬ್ಬು ಸೇರುವುದೆಂದರೆ ಫಾರಂ ಕೊಟ್ಟು ಕುದುರೆ ಹತ್ತುವುದಲ್ಲ. ಡಾಕ್ಟರ ಪತ್ರ ತರಬೇಕು. ಹಿಮ್ಮಡಿ ಇರುವ ಶೂ ಬೇಕು, ಇಲ್ಲವಾದರೆ ಪಾದ ಊರುವ ಕಬ್ಬಿಣದ ಬಳೆ, ರಿಕಾಪು, ಅದರೊಳಗೆ ಕಾಲು ಜಾರಿ ಸಿಕ್ಕಿಕೊಳ್ಳುತ್ತದೆ. ಗಲ್ಲಕ್ಕೆ ಪಟ್ಟಿ ಬಿಗಿಯುವ ಹೆಲ್ಮೆಟ್ಟನ್ನು ಕ್ಲಬ್ಬೇ ಕೊಡುತ್ತದೆ, ಹಿಂದಿನವರ ಬೆವರಿನ ಸಮೇತ. ಆಮೇಲೆ ಹನ್ನೆರಡು ಭಾನುವಾರ ಲಾಯದ ಸರದಿ: ಲದ್ದಿ ಎತ್ತು, ನೀರು ತುಂಬು, ಮೈ ಉಜ್ಜು, ನಾಲ್ಕೂ ಗೊರಸು ಎತ್ತಿ ಹಿಡಿದು ಸಿಕ್ಕಿಕೊಂಡ ಕಲ್ಲು ಕೆದಕಿ ತೆಗಿ. ಅಷ್ಟೂ ದಿನ ಹತ್ತಿ ಕಲಿಯುವುದು ಒಂದು ಮುದಿ ಕುದುರೆಯ ಮೇಲೆ, ಬರೀ ಕಂಬಳಿ ಹಾಸಿ. ಒಳ್ಳೆಯ ಜೀನುಗಳು ಸದಸ್ಯರ ಕೋಣೆಯಲ್ಲಿ ಬೀಗದೊಳಗೆ. ಕೊನೆಗೆ ಪರೀಕ್ಷೆ. ಅದರಲ್ಲಿ ಪಾಸಾದವರೇ ಸದಸ್ಯರು.

ಕಲಿಸುವವರು ಕುದುರೆ ಮೇಷ್ಟ್ರು. ಹಲ್ಲು ಎರಡು ಹೋಗಿದ್ದವು, ಕುದುರೆಯೇ ಉದುರಿಸಿದ್ದು. "ಹಿಂದೆ ಹೋಗಬೇಡ ಮರಿ," ಅಂದರು ಮೊದಲ ದಿನವೇ. "ಅದರ ಕಣ್ಣು ಆ ಕಡೆ ಇಲ್ಲ. ಕಾಲು ಮಾತ್ರ ಇದೆ."

ಗಿಡ್ಡಿಯ ಜೊತೆ ಇನ್ನೂ ನಾಲ್ಕು ಮಕ್ಕಳು ಸೇರಿದ್ದರು. ಅವರ ಸರದಿಗೆ ಬರುತ್ತಿದ್ದವರು ಅವರ ಮನೆಯ ಡ್ರೈವರುಗಳು. ಡ್ರೈವರು ಲದ್ದಿ ಎತ್ತುತ್ತಿದ್ದ, ಮಗು ಕಾರಿನಲ್ಲಿ ಕೂತು ಫೋನು ನೋಡುತ್ತಿತ್ತು, ಕೊನೆಗೆ ಸರದಿ ಪುಸ್ತಕದಲ್ಲಿ ಮಗುವಿನ ಸಹಿ ಬೀಳುತ್ತಿತ್ತು. ಮಕ್ಕಳನ್ನು ನಾನು ಬೈಯುವುದಿಲ್ಲ. ಬೆವರು ಬೇರೆಯವರದು, ಸಹಿ ನಮ್ಮದು ಎಂಬ ಪಾಠವನ್ನು ಅಷ್ಟು ಎಳೆಯ ವಯಸ್ಸಿಗೇ ಕಲಿಸಿದ ದೊಡ್ಡವರನ್ನು ಬೈಯುತ್ತೇನೆ. ಬೈಯದೆ ಬಿಟ್ಟರೆ ನನಗೆ ಉಂಡದ್ದು ಅರಗುವುದಿಲ್ಲ.

ಗಿಡ್ಡಿ ಹನ್ನೆರಡು ಭಾನುವಾರದಲ್ಲಿ ಒಂದನ್ನೂ ತಪ್ಪಿಸಲಿಲ್ಲ. ತಪ್ಪಿಸುವ ಹಾಗೂ ಇರಲಿಲ್ಲ. ಪರೀಕ್ಷೆ ನಡೆಯುವುದು ಆರು ತಿಂಗಳಿಗೊಮ್ಮೆ. ಹದಿನಾರು ತುಂಬಿದವರನ್ನು ಹೊಸದಾಗಿ ಸೇರಿಸಿಕೊಳ್ಳುವುದಿಲ್ಲ. ಪರೀಕ್ಷೆಯ ದಿನಕ್ಕೂ ಅವಳ ಹುಟ್ಟಿದ ದಿನಕ್ಕೂ ನಡುವೆ ಇದ್ದದ್ದು ಹನ್ನೊಂದೇ ದಿನ. ಈ ಸಲ ಇಲ್ಲವೆಂದರೆ ಇನ್ನಿಲ್ಲ.

ಪರೀಕ್ಷೆಯ ಬೆಳಿಗ್ಗೆ ಅವಳ ಪಾಲಿಗೆ ಬಂದದ್ದು ಐದನೆಯ ಸರದಿ, ಕೊನೆಯದು. ಕುರ್ಚಿ ಹಾಕಿಕೊಂಡು ಕೂತವರು ಕ್ಲಬ್ಬಿನ ಅಧ್ಯಕ್ಷರು, ಪಕ್ಕದಲ್ಲಿ ನಿಂತವರು ಮೇಷ್ಟ್ರು. ಪ್ರಶ್ನೆ ಎಲ್ಲರಿಗೂ ಒಂದೇ, ಅದೇ ಮೊದಲನೆಯದು: ಜೀನು ಪರೀಕ್ಷಿಸು, ಸವಾರಿಗೆ ಯೋಗ್ಯವೇ ಹೇಳು. ಪರೀಕ್ಷಿಸದೆ ಹತ್ತಿದವರು ಫೇಲು ಎಂದು ನಿಯಮದ ಪುಸ್ತಕದಲ್ಲಿ ದಪ್ಪ ಅಕ್ಷರದಲ್ಲಿದೆ. ಮುಂಚಿನ ನಾಲ್ವರೂ ಜೀನಿನ ಬೆನ್ನು ತಟ್ಟಿ "ಯೋಗ್ಯ" ಅಂದರು, ಹತ್ತಿದರು, ಸುತ್ತು ಹಾಕಿ ಇಳಿದರು. ಅಧ್ಯಕ್ಷರು ನಾಲ್ಕು ಸಲ ತಲೆಯಾಡಿಸಿದರು. ಮೇಷ್ಟ್ರು ಏನೂ ಬರೆದುಕೊಳ್ಳಲಿಲ್ಲ.

ಗಿಡ್ಡಿ ಜೀನಿನ ಪಕ್ಕದ ಚರ್ಮ ಎತ್ತಿದಳು. ಕುದುರೆಯ ಹೊಟ್ಟೆಗೆ ಸುತ್ತುವ ಪಟ್ಟಿ ಜೀನಿಗೆ ಸೇರುವ ಜಾಗ ಅದು. ಆ ಹೊಲಿಗೆ ಬಿಟ್ಟರೆ ಜೀನೂ ಸವಾರನೂ ಒಟ್ಟಿಗೆ ನೆಲಕ್ಕೆ. ಹೊಲಿಗೆ ಎಡಕ್ಕೆ ವಾಲಿತ್ತು, ಅಪ್ಪನ ಕೈಯದು. ಎಳೆದಳು. ಎರಡು ಎಳೆ ಪಟ್ಟೆಂದು ಹರಿದವು.

ಅವಳಿಗೆ ಎಲ್ಲ ನೆನಪಿತ್ತು. ಎರಡು ತಿಂಗಳ ಹಿಂದೆ ಕ್ಲಬ್ಬಿನಲ್ಲಿದ್ದ ಮೂರೂ ಜೀನು ಬಂದಿದ್ದವು. ಸ್ಪರ್ಧೆ ಇದೆ, ಇವತ್ತೇ ಬೇಕು, ಹೇಗಾದರೂ ಹೊಲಿದು ಕೊಡು ಎಂದು ಅಧ್ಯಕ್ಷರ ಫೋನು. ಮೇಣದ ದಾರ ಮುಗಿದಿತ್ತು. ಅಪ್ಪ ಹತ್ತಿಯ ದಾರದಲ್ಲಿ ಹೊಲಿದ. "ಸ್ಪರ್ಧೆ ಮುಗಿದ ಮಾರನೇ ದಿನವೇ ವಾಪಸ್ ಕಳಿಸಿ, ಕುದುರೆ ಬೆವರಿಗೆ ಹತ್ತಿ ಕೊಳೆತುಹೋಗುತ್ತೆ" ಎಂದು ಫೋನಿನಲ್ಲೇ ಹೇಳಿದ್ದ. ಅವರು ಕಳಿಸಲಿಲ್ಲ. ಇವನೂ ಕೇಳಲಿಲ್ಲ. ಸೂಜಿಗೆ ದಾರ ಪೋಣಿಸಿ ಕೊಟ್ಟವಳು ಗಿಡ್ಡಿಯೇ.

ಪಟ್ಟಿ ನಾಲ್ಕು ಜನರ ಭಾರ ತಡೆದಿತ್ತು. ಐದನೆಯವಳದನ್ನೂ ತಡೆಯುತ್ತಿತ್ತೇನೋ. ಒಂದು ಮಾತು, ಒಂದು ಸುತ್ತು, ಮಧ್ಯಾಹ್ನದೊಳಗೆ ಅವಳು ಸದಸ್ಯೆ.

"ಯೋಗ್ಯ ಅಲ್ಲ ಸರ್."

"ಏನಂದೆ?" ಅಂದರು ಅಧ್ಯಕ್ಷರು. "ಇಷ್ಟು ಹೊತ್ತು ನಾಲ್ಕು ಮಕ್ಕಳು ಕೂತು ಬಂದ್ರಲ್ಲಮ್ಮ?"

"ಅವರ ಅದೃಷ್ಟ ಚೆನ್ನಾಗಿತ್ತು ಸರ್."

ಮೇಷ್ಟ್ರು ಬಂದು ಒಮ್ಮೆ ಜಗ್ಗಿದರು. ಪಟ್ಟಿ ಕೈಗೇ ಬಂತು. ಮರದ ಕೆಳಗೆ ಕೂತಿದ್ದ ತಂದೆತಾಯಿಗಳೆಲ್ಲ ಎದ್ದು ನಿಂತರು.

"ಯಾವ ದರಿದ್ರದೋನು ಇದನ್ನ ಹೊಲಿದೋನು?" ಎಂದು ಅಲ್ಲೊಬ್ಬರು ಕೂಗಿದರು.

"ನಮ್ಮಪ್ಪ" ಅಂದಳು ಗಿಡ್ಡಿ.

ಅಧ್ಯಕ್ಷರು ಅವಳನ್ನು ಪಕ್ಕಕ್ಕೆ ಕರೆದರು. ದನಿ ಬೆಣ್ಣೆಯಾಗಿತ್ತು. "ನೋಡು ಪುಟ್ಟ, ಇನ್ನೆರಡು ಜೀನು ಇವೆ. ಒಂದನ್ನ ತಗೊಂಡು ಒಂದು ಸುತ್ತು ಬಾ. ನೀನೂ ಪಾಸು, ಅವರೂ ಪಾಸು. ನಿಮ್ಮಪ್ಪನ ಸುದ್ದೀನೂ ಯಾರೂ ಎತ್ತಲ್ಲ."

"ಅವೆರಡೂ ಅದೇ ದಿನ ಹೊಲಿದಿದ್ದು ಸರ್. ಅದೇ ದಾರ."

"ಹಾಗಾದ್ರೆ ಇವತ್ತಿನ ಪರೀಕ್ಷೆ ರದ್ದು. ಆರು ತಿಂಗಳು ಬಿಟ್ಟು ನೋಡೋಣ."

"ಹನ್ನೊಂದು ದಿನಕ್ಕೆ ನಂಗೆ ಹದಿನಾರು ತುಂಬುತ್ತೆ."

"ಅದಕ್ಕೆ ನಾನೇನ್ ಮಾಡ್ಲಿ? ನಿಮ್ಮಪ್ಪನ್ನ ಕೇಳು ಹೋಗು."

"ಕೇಳ್ತೀನಿ. ಇಲ್ಲಿಗೇ ಕರ್ಕೊಂಡು ಬರ್ತೀನಿ. ಮೂರೂ ಜೀನು ಹೊಲಿಸಿ ಕೊಡ್ತೀನಿ. ಪರೀಕ್ಷೆ ಇವತ್ತೇ ಮಾಡಿ. ಅವರೂ ಮೊದಲಿಂದ, ನಾನೂ ಮೊದಲಿಂದ."

ಅಧ್ಯಕ್ಷರು ಬಾಯಿ ತೆರೆಯುವ ಮೊದಲೇ ಮೇಷ್ಟ್ರು ಅಂದರು: "ಸಂಜೆ ಆರರವರೆಗೂ ಇವತ್ತೇ ಅಲ್ವಾ ಸಾರ್? ರದ್ದು ಮಾಡಿದ್ರೆ ಯಾಕೆ ಅಂತ ಪುಸ್ತಕದಲ್ಲಿ ಬರೀಬೇಕಾಗುತ್ತೆ. ನಾನು ಇದ್ದದ್ದು ಇದ್ದ ಹಾಗೇ ಬರಿಯೋನು."

ಗಿಡ್ಡಿ ಸೈಕಲ್ ತುಳಿದಳು.

ಅಪ್ಪ ಒಂದು ವ್ಯಾನಿನ ಸೀಟು ಬಿಚ್ಚಿಕೊಂಡು ಕೂತಿದ್ದ. ಕೇಳಿದ ಮೇಲೆ ಕೈಯಲ್ಲಿದ್ದ ದಬ್ಬಣವನ್ನು ಸೀಟಿನ ಸ್ಪಂಜಿಗೆ ಚುಚ್ಚಿ ನಿಲ್ಲಿಸಿದ.

"ನನ್ನ ಹೆಸರು ಹೇಳಿದ್ಯಾ?"

"ಹೇಳ್ದೆ."

"ಎಲ್ಲರ ಮುಂದೆ?"

"ಎಲ್ಲರ ಮುಂದೆನೇ ಕೇಳಿದ್ರು. ನಿನ್ನ ಹೊಲಿಗೆ ಎಡಕ್ಕೆ ವಾಲುತ್ತೆ, ನೋಡಿದ್ರೆ ಗೊತ್ತಾಗಲ್ವಾ?"

"ಯಾರಿಗೆ ಗೊತ್ತಾಗುತ್ತೆ? ನಿಂಗೊಬ್ಬಳಿಗೆ!"

"ನಂಗೊಬ್ಬಳಿಗೆ ಗೊತ್ತಾದ್ರೆ ಸಾಲದಾ ಅಪ್ಪ?"

"ವಾಪಸ್ ಕಳಿಸಿ ಅಂತ ಬಡ್ಕೊಂಡಿದ್ದೆ ನಾನು. ಕಳಿಸ್ದೇ ಇದ್ದೋರು ಅವರು. ಈಗ ಹೋಗಿ ಅವರ ಕಾಲ ಬುಡದಲ್ಲಿ ಕೂತು ಹೊಲೀಬೇಕಾ? ನಾನು ಬರಲ್ಲ."

ಪಾಳಿ ಮುಗಿಸಿ ಬಂದು ಅಂಗಡಿಯ ಹಿಂದಿನ ಮನೆಯಲ್ಲಿ ಕಾಲು ಚಾಚಿಕೊಂಡಿದ್ದ ಅಮ್ಮ ಒಳಗಿನಿಂದಲೇ ಮಾತಾಡಿದಳು. "ಬಿದ್ದು ಬಂದೋರನ್ನ ವಾರ್ಡಲ್ಲಿ ಒರೆಸೋಳು ನಾನು. ಸೊಂಟ ಮುರ್ಕೊಂಡೋನು ಮಂಚದ ಮೇಲೆ ಮಲಗಿದ್ದಾಗ, ಜೀನು ಯಾರು ಕಳಿಸಿಲ್ಲ, ಯಾರು ಕೇಳಿಲ್ಲ ಅಂತ ಪಂಚಾಯ್ತಿ ಮಾಡೋಕ್ಕಾಗುತ್ತಾ? ಮಾತು ಸಾಕು. ಏಳಿ ಮೇಲೆ."

ಅಪ್ಪ ಎದ್ದ. ಮೇಣದ ದಾರದ ಉಂಡೆಯನ್ನೂ ಎರಡು ದಬ್ಬಣಗಳನ್ನೂ ಚೀಲಕ್ಕೆ ಹಾಕಿಕೊಂಡ.

ಲಾಯದ ಬಾಗಿಲಲ್ಲಿ ಬಕೆಟ್ಟು ಬೋರಲು ಹಾಕಿ ಕೂತು ಮೂರು ಗಂಟೆ ಹೊಲಿದ. ಹಳೆಯ ಎಳೆಗಳನ್ನು ಒಂದೊಂದಾಗಿ ಬಿಚ್ಚಿದ, ಮುಟ್ಟಿದರೆ ಪುಡಿಯಾಗುತ್ತಿದ್ದವು. ನಾಲ್ಕು ಮಕ್ಕಳಲ್ಲಿ ಇಬ್ಬರು ಅಷ್ಟರಲ್ಲಿ ಕಾರು ಹತ್ತಿ ಹೊರಟೇ ಹೋದರು. ಉಳಿದ ಇಬ್ಬರಲ್ಲಿ ಕನ್ನಡಕದ ಹುಡುಗಿಯೊಬ್ಬಳು ಅವನ ಸುತ್ತ ಸುಳಿದು ಸುಳಿದು ಕೊನೆಗೆ ಕೇಳಿದಳು.

"ಅಂಕಲ್, ನಾನೇನಾದ್ರೂ ಹಿಡ್ಕೊಳ್ಲಾ?"

"ಈ ತುದಿ ಹಿಡಿ. ಬಿಗಿ. ಊಟ ಮಾಡಿಲ್ವಾ? ಇನ್ನೂ ಬಿಗಿ!"

ಹನ್ನೆರಡು ಭಾನುವಾರದಲ್ಲಿ ಆ ಮಗು ಕುದುರೆಯ ಪಟ್ಟಿಯೊಂದನ್ನು ಮುಟ್ಟಿದ್ದು ಅದೇ ಮೊದಲು. ಕೈ ಕೆಂಪಾಯಿತು. ಬಿಡಲಿಲ್ಲ.

ನಾಲ್ಕೂವರೆಗೆ ಮತ್ತೆ ಪರೀಕ್ಷೆ. ಈ ಸಲ ಮೊದಲು ಗಿಡ್ಡಿ. ಜೀನಿನ ಚರ್ಮ ಎತ್ತಿದಳು. ಒಂದೊಂದೇ ಪಟ್ಟಿ ಜಗ್ಗಿದಳು. ಕೊನೆಯದರ ಮೂಲೆಯಲ್ಲಿ ಬೆರಳು ನಿಂತಿತು. ತಿರುಗಿ ಅಪ್ಪನ ಕಡೆ ನೋಡಲಿಲ್ಲ.

"ಯೋಗ್ಯ ಅಲ್ಲ ಸರ್."

"ಎಲ್ಲೇ?" ಅಪ್ಪ ಬಕೆಟ್ಟು ಉರುಳುವ ಹಾಗೆ ಎದ್ದು ಬಂದ.

"ಇಲ್ಲಿ. ದಾರ ಹಾಕದೆ ಒಂದು ತೂತು ಬಿಟ್ಟುಹೋಗಿದೆ."

ಅಪ್ಪ ಬಗ್ಗಿ ನೋಡಿದ. ಬಿಟ್ಟುಹೋಗಿತ್ತು. ಮೂರು ಗಂಟೆ ಬಗ್ಗಿದ ಕಣ್ಣು, ಬಿಟ್ಟೀತು. ಅಷ್ಟು ಜನರ ಮುಂದೆ ಅವನ ಕಿವಿಯವರೆಗೂ ರಕ್ತ ಏರಿತು. ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ ಪೋಣಿಸಿದ, ಬಿಟ್ಟ ಜಾಗ ಹೊಲಿದ, ಗಂಟು ಹಾಕಿ ಹಲ್ಲಿನಲ್ಲಿ ಕತ್ತರಿಸಿದ.

"ಈಗ ಎಳಿ," ಅಂದ. "ನಿನ್ನ ಭಾರ ಬಿಟ್ಟು ಎಳಿ."

ಅವಳು ಎರಡೂ ಕಾಲು ನೆಲದಿಂದ ಎತ್ತಿ ಜೋತುಬಿದ್ದಳು. ಪಟ್ಟಿ ಕದಲಲಿಲ್ಲ.

"ಯೋಗ್ಯ" ಅಂದಳು.

ಹೊಟ್ಟೆಪಟ್ಟಿ ಬಿಗಿಯುವಾಗ ಕುದುರೆ ಉಸಿರು ತುಂಬಿ ಹೊಟ್ಟೆ ಉಬ್ಬಿಸಿಕೊಳ್ಳುತ್ತದೆ. ನಾಲ್ಕು ಹೆಜ್ಜೆ ನಡೆಸಿ ಮತ್ತೆ ಬಿಗಿಯಬೇಕು. ಅವಳು ನಡೆಸಿದಳು, ಎರಡು ತೂತು ಮೇಲಕ್ಕೆ ಬಿಗಿದಳು, ಹತ್ತಿದಳು. ನಡಿಗೆಯ ಸುತ್ತು ಚೆನ್ನಾಗಿತ್ತು. ಓಟದ ಸುತ್ತಿನಲ್ಲಿ ಮೂಟೆಯೊಳಗಿನ ಆಲೂಗಡ್ಡೆಯ ಹಾಗೆ ಕುಲುಕಿದಳು. ಹೆಲ್ಮೆಟ್ಟು ಕಣ್ಣಿಗೆ ಇಳಿಯಿತು. ಬೀಳಲಿಲ್ಲ, ಲಗಾಮನ್ನೂ ಬಿಡಲಿಲ್ಲ. 'ಓಟ ಕಳಪೆ, ಕಲಿಯುತ್ತಾಳೆ, ಪಾಸು' ಎಂದು ಮೇಷ್ಟ್ರು ಬರೆದರು. ಅಧ್ಯಕ್ಷರು ಅದರ ಕೆಳಗೆ ಸಹಿ ಹಾಕಿದರು, ಹಾಕದೆ ದಾರಿಯಿರಲಿಲ್ಲ. ಕನ್ನಡಕದ ಹುಡುಗಿಯೂ ಪಾಸಾದಳು. ಇನ್ನೊಬ್ಬ ಹುಡುಗ ಈ ಸಲವೂ ಜೀನಿನ ಬೆನ್ನು ತಟ್ಟಿದ. ಫೇಲಾದ.

ಮರುವಾರ ಕ್ಲಬ್ಬಿನ ಗೋಡೆಯ ಮೇಲೆ ಹೊಸ ನೋಟಿಸು: 'ಜೀನಿನ ಹೊಲಿಗೆಯ ಲೋಪಕ್ಕೆ ಹೊಲಿದವರೇ ಹೊಣೆ.' ವಾಪಸ್ ಕಳಿಸದವರ ಬಗ್ಗೆ ಒಂದಕ್ಷರವಿಲ್ಲ. ಎರಡು ತಿಂಗಳು ಎಳೆದು ನೋಡದೆ ಸವಾರಿ ಮಾಡಿದ ಸದಸ್ಯರ ಬಗ್ಗೆಯೂ ಇಲ್ಲ. ಆ ನೋಟಿಸು ಇವತ್ತಿಗೂ ಅಲ್ಲೇ ಇದೆ; ಓದಿದಾಗೆಲ್ಲ ನನಗೆ ಮೈ ಉರಿಯುತ್ತದೆ. ಗಿಡ್ಡಿಗೆ ಉರಿಯಲು ಪುರುಸೊತ್ತಿಲ್ಲ. ಸದಸ್ಯರ ಕೋಣೆಯ ಬೀಗದ ಕೈಯನ್ನು ಮೇಷ್ಟ್ರು ಈಗ ಅವಳಿಗೆ ಒಪ್ಪಿಸಿದ್ದಾರೆ. ಅವಳ ಕಣ್ಣೆದುರು ಎಳೆದು ನೋಡದವರಿಗೆ ಜೀನಿಲ್ಲ, ಅಧ್ಯಕ್ಷರ ಮಗನಿಗೂ ಇಲ್ಲ.

ಪರೀಕ್ಷೆಯ ದಿನ ಸಂಜೆ ಅಪ್ಪ, ಮಗಳು ಇಬ್ಬರೂ ಸೈಕಲ್ ತಳ್ಳಿಕೊಂಡು ಮನೆಗೆ ನಡೆದರು.

"ಎರಡನೇ ಸಲ ಬಿಡಬಹುದಾಗಿತ್ತು ನೀನು," ಅಂದ ಅಪ್ಪ, ಅರ್ಧ ದಾರಿಯಲ್ಲಿ. "ಒಂದು ತೂತಿಗೆ ಏನೂ ಆಗ್ತಿರಲಿಲ್ಲ."

"ಆಗ್ತಿರಲಿಲ್ಲ ಅಪ್ಪ."

"ಮತ್ತೆ?"

"ಕೇಳಿದ್ರಲ್ಲ, ಯೋಗ್ಯವಾ ಅಂತ."

ಅಪ್ಪ ದಬ್ಬಣದ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿದ. "ಇನ್ಮೇಲೆ ಹೊಲಿದಿದ್ದನ್ನ ಕೊಡೋ ಮುಂಚೆ ನಿಂಗೆ ಕೊಡ್ತೀನಿ. ನೀನು ಎಳೆದು ನೋಡಿದ ಮೇಲೇ ಅಂಗಡಿ ದಾಟೋದು."

"ಸೀಟೂನಾ?"

"ಸೀಟಿಂದ ಯಾರೇ ಬೀಳ್ತಾರೆ?"

"ಬಸ್ಸಲ್ಲಿ ಬೀಳ್ತಾರಪ್ಪ."

"ಆಯ್ತು ಮಾರಾಯ್ತಿ," ಅಂದ ಅವನು. "ಸೀಟೂ ಎಳಿ."